ಫಕ್ಕೀರವ್ವನ ಪ್ರಶ್ನೆ

ಗದಗಿನ ಲೋಹವಿಷ ಪತ್ತೆ ಕೇಂದ್ರದಲ್ಲಿ ಕಣ್ಣೆಣಿಕೆ ಹಾಕಿಕೊಳ್ಳದೆ ಯಾವ ಅಧಿಕಾರಿಯೂ ಆದೇಶಕ್ಕೆ ಸಹಿ ಮಾಡುವಂತಿರಲಿಲ್ಲ. ನೋಡಲಿಕ್ಕೆ ಅದೊಂದು ಸಾದಾ ಚಾಳೀಸಿನ ಕನ್ನಡಕ. ಆದರೆ ಅದರ ಚೌಕಟ್ಟಿನ ಎರಡೂ ಬದಿಗೆ ಸಾಸಿವೆಕಾಳಿನಷ್ಟು ಚಿಕ್ಕ ಕ್ಯಾಮೆರಾಗಳಿದ್ದವು. ಓದುವವರ ಕಣ್ಣು ವರದಿಯ ಯಾವ ಸಾಲಿನ ಮೇಲೆ ಎಷ್ಟು ಹೊತ್ತು ನಿಂತಿತು, ಯಾವ ಸಾಲನ್ನು ಹಾರಿಸಿಕೊಂಡು ಹೋಯಿತು ಎಂದು ಅವು ಎಣಿಸುತ್ತಿದ್ದವು. ಓದಲು ಕೂರುವ ಮೊದಲು ಅಧಿಕಾರಿ ತನ್ನ ಅನುಮಾನ ಏನೆಂದು ಯಂತ್ರಕ್ಕೆ ಹೇಳಬೇಕು. ಆ ಅನುಮಾನಕ್ಕೆ ಒಪ್ಪುವ ಸಾಲುಗಳನ್ನೂ ಒಪ್ಪದ ಸಾಲುಗಳನ್ನೂ ಅದೇ ವಿಂಗಡಿಸುತ್ತಿತ್ತು. ಒಪ್ಪದ ಸಾಲುಗಳಿಗೆ ಓದಿನ ಮೂರರಲ್ಲೊಂದು ಪಾಲು ಸಮಯವಾದರೂ ಸಿಗದಿದ್ದರೆ ಕನ್ನಡಕದ ಅಂಚು ಕೆಂಪಾಗುತ್ತಿತ್ತು. ಸಿಕ್ಕರೆ ಹಸಿರು. ಹಸಿರಾದರೆ ಮಾತ್ರ ಸಹಿ.

ಮನುಷ್ಯ ತಾನು ಮೊದಲೇ ನಂಬಿದ್ದನ್ನೇ ಎಲ್ಲೆಲ್ಲೂ ಕಾಣುತ್ತಾನೆ, ಅದಕ್ಕೆ ಒಪ್ಪದ್ದನ್ನು ನೋಡಿಯೂ ನೋಡದಂತೆ ದಾಟಿಹೋಗುತ್ತಾನೆ ಎಂಬುದು ಹೊಸ ಸಂಗತಿಯೇನಲ್ಲ. ಆ ಹಳೆಯ ರೋಗಕ್ಕೆ ಕೊನೆಗೂ ಮದ್ದು ಸಿಕ್ಕಿತು ಎಂದು ಜನ ಸಂಭ್ರಮಪಟ್ಟಿದ್ದರು. ಕಣ್ಣೆಣಿಕೆಯ ಅಗ್ಗದ ನಮೂನೆಗಳು ಪೇಟೆಗೂ ಬಂದವು. ಸುದ್ದಿ ಓದುವಾಗ ಹಾಕಿಕೊಳ್ಳುವವರಿದ್ದರು. ಬೀಗರ ಜೊತೆ ವಾದಕ್ಕೆ ಬಿದ್ದಾಗ "ನಂದು ಹಸಿರೈತಿ, ನಿಮ್ಮದು ತೋರಸ್ರಿ" ಎನ್ನುವವರೂ ಇದ್ದರು.

ಕೇಂದ್ರದ ಮುಖ್ಯಸ್ಥೆ ಡಾ. ಸುಚೇತಾ ಕಣ್ಣೆಣಿಕೆಯನ್ನು ರೂಪಿಸಿದ ತಂಡದಲ್ಲಿ ಕೆಲಸ ಮಾಡಿದ್ದವಳು. ನಲವತ್ತನಾಲ್ಕು ವರ್ಷ, ಚುರುಕು ಬುದ್ಧಿ, ಪ್ರಾಮಾಣಿಕಳೆಂದು ಹೆಸರು. ಎಂಟು ವರ್ಷದ ಹಿಂದೆ ಬೇರೆ ಜಿಲ್ಲೆಯ ಒಂದು ಊರಿನಲ್ಲಿ ಮಕ್ಕಳಿಗೆ ಸೀಸದ ವಿಷ ಏರುತ್ತಿದ್ದುದನ್ನು ಆಕೆಯೇ ಪತ್ತೆಮಾಡಿದ್ದಳು. ಬ್ಯಾಟರಿ ಒಡೆಯುವ ಶೆಡ್ಡಿನ ಧೂಳು ಅದಕ್ಕೆ ಕಾರಣವಾಗಿತ್ತು. ಶೆಡ್ಡು ಮುಚ್ಚಿಸಿದ ಮೇಲೆ ಮಕ್ಕಳು ಚೇತರಿಸಿಕೊಂಡರು. ಆ ಮಕ್ಕಳ ತಾಯಂದಿರು ಕೈಹಿಡಿದು ಅತ್ತದ್ದನ್ನು ಆಕೆ ಮರೆತಿರಲಿಲ್ಲ.

ಹಾಗಾಗಿ ಆ ವರ್ಷ ಯುಗಾದಿ ಕಳೆದ ಮೇಲೆ ಗದಗಿನಲ್ಲೂ ಮಕ್ಕಳು ಹೊಟ್ಟೆನೋವು, ಸುಸ್ತು ಎಂದು ಆಸ್ಪತ್ರೆಗೆ ಬರತೊಡಗಿ, ನಲವತ್ತಮೂರು ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಾಗ, ಆಕೆ ಮೊದಲು ಕೇಳಿದ ಮಾತು ಒಂದೇ: "ಇಲ್ಲಿ ಬ್ಯಾಟರಿ ಶೆಡ್ಡು ಎಲ್ಲೈತಿ?"

ಶೆಡ್ಡು ಇದ್ದದ್ದು ಕಂಬಾರ ಓಣಿಯಲ್ಲಿ. ಅದನ್ನು ನಡೆಸುತ್ತಿದ್ದವಳು ಫಕ್ಕೀರವ್ವ. ಸತ್ತ ಬ್ಯಾಟರಿಗಳನ್ನು ಒಡೆದು ಒಳಗಿನ ಸೀಸವನ್ನು ಬೇರೆಮಾಡಿ ಕಾರ್ಖಾನೆಗೆ ಕಳಿಸುವ ಕೆಲಸ. ಕೈಕೆಳಗೆ ಒಂಬತ್ತು ಮಂದಿ. ರೋಗ ಬಂದ ಮಕ್ಕಳಲ್ಲಿ ಹೆಚ್ಚಿನವರು ಅದೇ ಓಣಿಯ ಆಸುಪಾಸಿನವರು. ಶೆಡ್ಡಿನ ಅಂಗಳದ ಮಣ್ಣಿನಲ್ಲೂ ಸೀಸ ಸಿಕ್ಕಿತು. ಸುಚೇತಾ ಕಣ್ಣೆಣಿಕೆ ಏರಿಸಿಕೊಂಡು ಇನ್ನೂರು ಪುಟದ ವರದಿ ಓದಿದಳು. ಒಪ್ಪದ ಸಾಲುಗಳನ್ನೂ ನಿಧಾನವಾಗಿ ಓದಿದಳು. ಅಂಚು ಹಸಿರಾಯಿತು. ಶೆಡ್ಡಿಗೆ ಬೀಗ ಹಾಕುವ ಆದೇಶಕ್ಕೆ ಸಹಿ ಬಿತ್ತು.

ಮರುದಿನ ಬೆಳಿಗ್ಗೆ ಫಕ್ಕೀರವ್ವ ಕೇಂದ್ರಕ್ಕೆ ಬಂದಳು. ಐವತ್ತರ ಹತ್ತಿರದ ಗಟ್ಟಿಮುಟ್ಟಾದ ಹೆಂಗಸು, ಕೈಯಲ್ಲಿ ಕಾಗದಗಳ ಚೀಲ. ಸುಚೇತಾಳ ಸಹಾಯಕ ತೋಂಟೇಶ ಕುರ್ಚಿ ಹಾಕಿದರೂ ಕೂರಲಿಲ್ಲ.

"ಬಾಯಾರ, ನನ್ನ ಇಬ್ಬರು ಹೆಣ್ಣಮಕ್ಕಳ ರಕ್ತದ ರಿಪೋರ್ಟ್ ನೋಡೀರಿ?"

"ನೋಡೀನಿ. ಇಬ್ಬರದೂ ಚೊಲೋ ಐತಿ. ಆದ್ರ ನಾವು ಬರತೀವಿ ಅಂತ ನಿಮಗ ಮೊದಲ ಗೊತ್ತಿತ್ತು. ಮಕ್ಕಳನ್ನ ಬ್ಯಾರೆ ಕಡೆ ಇಟ್ಟಿರಬಹುದು."

"ಬೆಟಗೇರಿ ಒಳಗ ಹನ್ನೊಂದು ಮಕ್ಕಳಿಗೆ ಬಂದೈತಿ. ಅವು ನನ್ನ ಶೆಡ್ಡಿನ ದಾರೀನೂ ತುಳದಿಲ್ಲ."

"ಇತ್ತಾಗ ಸಂಬಂಧಿಕರ ಮನಿಗೆ ಬಂದು ಹೋಗಿರತಾರ."

"ನನ್ನ ಶೆಡ್ಡಿನ ಗ್ವಾಡಿಗೆ ಹತ್ತಿದ ಮನ್ಯಾಗ ಆರು ಮಕ್ಕಳು ಅದಾವ. ಒಂದಕ್ಕೂ ಏನೂ ಆಗಿಲ್ಲ."

"ಇನ್ನೂ ಆಗಿಲ್ಲ, ಅಷ್ಟ."

ಫಕ್ಕೀರವ್ವ ಚೀಲದಿಂದ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ದನಿ ಏರಿಸದೆ ಕೇಳಿದಳು: "ಹಂಗಾರ ಒಂದ ಮಾತು ಹೇಳ್ರಿ. ಬ್ಯಾನಿ ಬಂದ್ರೂ ನನ್ನ ಶೆಡ್ಡ, ಬರದಿದ್ರೂ ನನ್ನ ಶೆಡ್ಡ. ತಪ್ಪು ನಂದಲ್ಲ ಅಂತ ಇದ್ದಿದ್ರ ನಿಮಗ ಏನ್ ಕಾಣಬೇಕಿತ್ತು? ಅದನ್ನರ ಹೇಳ್ರಿ. ಹುಡುಕಿ ತಂದು ತೋರಸ್ತೀನಿ."

ಸುಚೇತಾ ಬೇರೊಂದು ಕಡತ ಎಳೆದುಕೊಂಡಳು. ದನಿ ಗಡುಸಾಯಿತು. "ತನಿಖಿ ಮುಗದೈತಿ. ಬೇಕಾದ್ರ ಅಪೀಲು ಮಾಡ್ರಿ."

ಫಕ್ಕೀರವ್ವ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಹೋದಳು.

ಸುಚೇತಾಳ ಮನೆ ಬೆಟಗೇರಿಯಲ್ಲಿತ್ತು. ಗಂಡ ಬಸವಂತ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ. ಅಡುಗೆಯ ಹುಚ್ಚು ಅವನಿಗೇ ಹೆಚ್ಚು. ಹಿಂದಿನ ವರ್ಷದಿಂದ ಊರಿನ ಅನೇಕರ ಹಾಗೆ ಅವನೂ ಹಿತ್ತಾಳೆ ಪಾತ್ರೆಯಲ್ಲಿ ಅಡುಗೆ ಮಾಡುವುದೇ ಆರೋಗ್ಯಕ್ಕೆ ಒಳ್ಳೆಯದೆಂದು ಅಜ್ಜಿಯ ಕಾಲದ ಪಾತ್ರೆ ತೆಗೆದು, ಓಣಿಗೆ ಬರುವ ಕಲಾಯಿ ಗಾಡಿಯವರ ಹತ್ತಿರ ಕಲಾಯಿ ಹಾಕಿಸಿ, ದಿನಾ ಅದರಲ್ಲೇ ಸಾರು ಕುದಿಸುತ್ತಿದ್ದ. ಒಬ್ಬಳೇ ಮಗಳು ಇಂಪನಾಗೆ ಒಂಬತ್ತು ವರ್ಷ. ಆ ಬೇಸಿಗೆಯಲ್ಲಿ ಅವಳು ಊಟದ ತಟ್ಟೆಯ ಮುಂದೆ ಮುಖ ಸಿಂಡರಿಸುವುದು ಹೆಚ್ಚಾಯಿತು.

"ಅವ್ವಾ, ಹೊಟ್ಟಿ ನೋಯ್ತೈತಿ."

"ಬಿಸಲಾಗ ಆಡಬ್ಯಾಡ ಅಂದ್ರ ಕೇಳೂದಿಲ್ಲ. ಮಜ್ಜಿಗಿ ಕುಡಿ, ಕಡಿಮ್ಯಾಕ್ಕೈತಿ."

ದಿನವಿಡೀ ಹೊಟ್ಟೆನೋವಿನ ಮಕ್ಕಳ ಪಟ್ಟಿಯನ್ನೇ ನೋಡುವ ಸುಚೇತಾಳಿಗೆ ಮನೆಯ ಹೊಟ್ಟೆನೋವು ಬೇರೆಯೇ ಆಗಿ ಕಂಡಿತ್ತು. ಬೆಟಗೇರಿಯಿಂದ ಶೆಡ್ಡು ನಾಲ್ಕು ಕಿಲೋಮೀಟರ್ ದೂರ. ಅಲ್ಲಿಂದ ಧೂಳು ಇಲ್ಲಿಗೆ ಬರುವುದು ಹೇಗೆ?

ಶೆಡ್ಡು ಮುಚ್ಚಿ ಆರು ವಾರವಾಯಿತು. ಹೊಸ ರೋಗಿಗಳು ನಿಲ್ಲಬೇಕಿತ್ತು. ನಲವತ್ತಮೂರು ಐವತ್ತಾಯಿತು. ತೋಂಟೇಶ ಪಟ್ಟಿಯನ್ನು ಮೇಜಿನ ಮೇಲಿಟ್ಟು, "ಮೇಡಂ, ಏರಾಕತ್ತೈತ್ರಿ" ಎಂದ.

"ಮಣ್ಣಾಗ ಕುಂತ ಸೀಸ ಒಮ್ಮೆಲೆ ಹೋಗಂಗಿಲ್ಲ ತೋಂಟೇಶ. ಇನ್ನೊಂದ ತಿಂಗಳು ನೋಡೂಣು."

ಅದೇ ವಾರ ಇಂಪನಾಳ ಶಾಲೆಯಲ್ಲಿ ಎಲ್ಲ ಮಕ್ಕಳ ರಕ್ತ ತಪಾಸಣೆ ನಡೆಯಿತು. ಫಲಿತಾಂಶ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಬಂದಾಗ ರೋಗಿಗಳ ಪಟ್ಟಿಗೆ ಸೇರಿದ ಐವತ್ತೊಂದನೆಯ ಹೆಸರನ್ನು ಓದಿದ ತೋಂಟೇಶ ಎದ್ದು ನಿಂತ. ಐದು ದಾಟಿದರೇ ಎಚ್ಚರಿಸುವ ಅಳತೆಯಲ್ಲಿ ಇಂಪನಾಳ ಸಂಖ್ಯೆ ನಲವತ್ತಾರು ಇತ್ತು.

ಸುಚೇತಾ ಆ ಸಾಲನ್ನು ಎರಡು ಸಲ ಓದಿದಳು. ಆದರೆ ಮನಸ್ಸು ನಿಲ್ಲಲಿಲ್ಲ. ಶಾಲೆಯ ಬಸ್ಸು! ಬಸ್ಸು ಕಂಬಾರ ಓಣಿಯ ಮಗ್ಗುಲಲ್ಲೇ ಹೋಗುತ್ತದೆ. ಕಿಟಕಿಯಿಂದ ಧೂಳು ಬಂದಿರಬೇಕು. ಆಕೆ ಬಸ್ಸಿನ ದಾರಿಯ ನಕ್ಷೆ ತೆರೆದು, ಗಾಳಿಯ ದಿಕ್ಕನ್ನು ಹುಡುಕತೊಡಗಿದಳು. ಬಸ್ಸು ಆ ತಿರುವಿನಲ್ಲಿ ನಿಲ್ಲುವುದು ದಿನಕ್ಕೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತಿರುವಾಗ ಅವಳಿಗೆ ತಾನು ಮಾಡುತ್ತಿರುವುದೇನೆಂದು ತಿಳಿಯಿತು. ಮಗಳು ಹಾಸಿಗೆ ಹಿಡಿಯುವ ಹೊತ್ತಿನಲ್ಲಿ ತಾನು ಮಗಳನ್ನಲ್ಲ, ತನ್ನ ತೀರ್ಮಾನವನ್ನು ಉಳಿಸಲು ಓಡಾಡುತ್ತಿದ್ದಾಳೆ.

ನಕ್ಷೆ ಮುಚ್ಚಿದಳು. ಬಸವಂತನಿಗೆ ಫೋನು ಮಾಡಿ ಇಂಪನಾಳನ್ನು ಆಸ್ಪತ್ರೆಗೆ ಸೇರಿಸಿದಳು. ರಕ್ತದಿಂದ ಸೀಸವನ್ನು ಹಿಡಿದು ಹೊರಗೆ ಸಾಗಿಸುವ ಮಾತ್ರೆಗಳು ಆ ದಿನವೇ ಶುರುವಾದವು. "ವ್ಯಾಳ್ಯಾಕ್ಕ ಬಂದೀರಿ, ಹೆದರಬ್ಯಾಡ್ರಿ. ಆದ್ರ ಸೀಸ ಎಲ್ಲಿಂದ ಬರತೈತಿ ಅನ್ನೂದು ತಿಳೀಲಿಲ್ಲಂದ್ರ ಮಾತ್ರಿ ಕೊಟ್ಟೂ ಉಪಯೋಗಿಲ್ಲ" ಎಂದರು ಮಕ್ಕಳ ಡಾಕ್ಟರು.

ಮಗಳು ಮಲಗಿದ ಮೇಲೆ ಆಸ್ಪತ್ರೆಯ ಜಗಲಿಯಲ್ಲಿ ಕೂತು ಸುಚೇತಾ ಒಂದು ಬಿಳಿಹಾಳೆ ತೆಗೆದಳು. ತಪ್ಪು ಶೆಡ್ಡಿನದ್ದಲ್ಲ ಎಂದಾಗಿದ್ದರೆ ಏನು ಕಾಣಬೇಕಿತ್ತು? ಫಕ್ಕೀರವ್ವ ಕೇಳಿದ್ದಕ್ಕೆ ಈಗ ಉತ್ತರ ಬರೆದಳು. ದೂರದ ಮಕ್ಕಳಿಗೂ ರೋಗ ಬರಬೇಕಿತ್ತು. ಶೆಡ್ಡಿನ ಪಕ್ಕದ ಕೆಲವು ಮನೆಗಳಲ್ಲಾದರೂ ಮಕ್ಕಳು ಚೆನ್ನಾಗಿರಬೇಕಿತ್ತು. ಶೆಡ್ಡು ಮುಚ್ಚಿದ ಮೇಲೂ ಹೊಸಬರು ಬರುತ್ತಿರಬೇಕಿತ್ತು. ಬರೆದು ಮುಗಿಸಿ ನೋಡಿದರೆ ಮೂರೂ ಕಣ್ಣೆದುರೇ ಇದ್ದವು. ಮೊದಲ ಎರಡು ಇನ್ನೂರು ಪುಟದ ವರದಿಯಲ್ಲೇ ಇದ್ದವು. ಆಕೆ ಅವನ್ನು ಓದಿಯೂ ಇದ್ದಳು.

ಕಣ್ಣೆಣಿಕೆ ಸುಳ್ಳು ಹೇಳಿರಲಿಲ್ಲ. ಒಪ್ಪದ ಸಾಲಿನ ಮೇಲೆ ಕಣ್ಣು ಎಷ್ಟು ಹೊತ್ತು ನಿಂತಿತು ಎಂಬುದನ್ನು ಅದು ಸರಿಯಾಗಿಯೇ ಎಣಿಸಿತ್ತು. ಯಾಕೆ ನಿಂತಿತು ಎಂಬುದು ಅದಕ್ಕೆ ಗೊತ್ತಾಗುವಂತಿರಲಿಲ್ಲ. ಒಪ್ಪುವ ಸಾಲುಗಳನ್ನು ಸುಚೇತಾ ನೆಂಟರ ಹಾಗೆ ಒಳಗೆ ಕರೆದಿದ್ದಳು. ಒಪ್ಪದ ಸಾಲುಗಳನ್ನು ಬಾಗಿಲಲ್ಲೇ ನಿಲ್ಲಿಸಿ ಅಡ್ಡಪ್ರಶ್ನೆ ಹಾಕಿದ್ದಳು. ಅಡ್ಡಪ್ರಶ್ನೆ ಹಾಕಲು ಹಿಡಿದ ಹೊತ್ತಿಗೇ ಯಂತ್ರ ಹಸಿರು ತೋರಿಸಿತ್ತು. ಆ ಹಸಿರು ಅವಳ ಅನುಮಾನವನ್ನು ಇನ್ನಷ್ಟು ಗಟ್ಟಿಮಾಡಿತ್ತು.

ತನ್ನ ತಪ್ಪನ್ನು ತಾನೇ ಹುಡುಕಿದರೆ ಮತ್ತೆ ಹೀಗೇ ಆಗುತ್ತದೆ ಎನ್ನಿಸಿತು. ತಾನು ತಪ್ಪೆಂದು ತೋರಿಸಲು ಮನಸ್ಸಾರೆ ಬಯಸುವ ಒಬ್ಬರು ಬೇಕಿತ್ತು. ಅಂಥವರು ಊರಲ್ಲಿ ಯಾರೆಂದು ಯೋಚಿಸಬೇಕಾಗಲಿಲ್ಲ.

ಮರುದಿನ ಸುಚೇತಾ ಕಂಬಾರ ಓಣಿಗೆ ಹೋಗಿ ಬಾಗಿಲು ತಟ್ಟಿದಾಗ ಫಕ್ಕೀರವ್ವ ಖಾನಾವಳಿಯೊಂದಕ್ಕೆ ಕೊಡುವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಶೆಡ್ಡು ಮುಚ್ಚಿದ ಮೇಲೆ ಅದೇ ಅವಳ ಕೆಲಸ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಮತ್ತೇನ್ರಿ? ಮನಿಗೂ ಬೀಗ ಹಾಕಾಕ ಬಂದೀರೇನು?"

"ಇಲ್ಲವ್ವಾ," ಎಂದಳು ಸುಚೇತಾ. "ನಂದು ತಪ್ಪಾಗೈತಿ. ನನ್ನ ಮಗಳಿಗೂ ಬಂದೈತಿ. ಎಲ್ಲಿಂದ ಬರತೈತಿ ಅಂತ ನನಗ ಗೊತ್ತಾಗವಲ್ಲದು. ನನ್ನ ಕೂಡ ಬಂದು ಹುಡುಕತೀರೇನು?"

ಫಕ್ಕೀರವ್ವ ಅವಳ ಮುಖವನ್ನೇ ನೋಡಿದಳು. ಬೈಯಲು ಆರು ವಾರದ ಮಾತು ಅವಳಲ್ಲಿ ಕೂಡಿದ್ದವು. ಅವನ್ನೆಲ್ಲ ಬಿಟ್ಟು, "ಎಷ್ಟ ವರ್ಷದ ಹುಡುಗಿ?" ಎಂದು ಕೇಳಿದಳು.

"ಒಂಬತ್ತು."

"ಒಳಗ ಬರ್ರಿ. ಕೈ ತೊಳಕೊಂಡ ಬರತೀನಿ."

ಇಬ್ಬರೂ ಮೊದಲು ರೋಗವಿಲ್ಲದ ಮನೆಗಳಿಗೆ ಹೋದರು. ಅದು ಫಕ್ಕೀರವ್ವನ ಹಟ. "ಬ್ಯಾನಿ ಇದ್ದ ಮನಿ ನೀವು ಸಾಕಷ್ಟು ನೋಡೀರಿ. ಇಲ್ಲದ ಮನ್ಯಾಗ ಏನಿಲ್ಲ ಅನ್ನೂದ ನೋಡೂಣು." ಅದೇ ನಲ್ಲಿ ನೀರು, ಅದೇ ಅಂಗಡಿಯ ಅರಿಷಿಣ, ಅದೇ ಮಣ್ಣಲ್ಲಿ ಆಟ. ಆದರೂ ಮಕ್ಕಳು ಚೆನ್ನಾಗಿದ್ದರು. ಆಮೇಲೆ ರೋಗ ಬಂದ ಕೆಲವು ಮನೆಗಳಿಗೆ ಹೋದರು. ಆಟಿಕೆ, ಗೋಡೆಯ ಬಣ್ಣ, ಕಾಡಿಗೆ ಎಂದು ಹೊರಗೆ ಕಂಡದ್ದನ್ನೆಲ್ಲ ಬರೆದುಕೊಂಡರು, ಒಲೆಯವರೆಗೆ ಹೋಗಲಿಲ್ಲ. ಎರಡು ದಿನವಾದರೂ ಏನೂ ತಿಳಿಯಲಿಲ್ಲ.

ಮೂರನೆಯ ಮಧ್ಯಾಹ್ನ ಫಕ್ಕೀರವ್ವ ಕೇಳಿದಳು: "ನಿಮ್ಮ ಮನಿ ಇನ್ನೂ ನೋಡಿಲ್ಲಲ್ರಿ?"

ಬಸವಂತ ಆಸ್ಪತ್ರೆಗೆ ಒಯ್ಯಲು ಅಡುಗೆ ಮಾಡುತ್ತಿದ್ದ. ಒಲೆಯ ಮೇಲೆ ಹುಣಸೆಹುಳಿಯ ಸಾರು ಕುದಿಯುತ್ತಿತ್ತು. ಫಕ್ಕೀರವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತು ಪಾತ್ರೆಯನ್ನು ನೋಡಿದಳು. ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಸರ, ಸಾರು ಬ್ಯಾರೆ ಪಾತ್ರಿಗೆ ಸುರುವ್ರಿ. ಮಗಳಿಗೆ ಒಯ್ಯಬ್ಯಾಡ್ರಿ."

ಖಾಲಿ ಪಾತ್ರೆಯನ್ನು ತೊಳೆದು ಒರೆಸಿ, ಒಳಗಿನ ಕಲಾಯಿಯ ಮೇಲೆ ಬಿಳಿಹಾಳೆಯನ್ನು ಒತ್ತಿ ಉಜ್ಜಿದಳು. ಹಾಳೆಯ ಮೇಲೆ ಪೆನ್ಸಿಲಿನಿಂದ ಗೀಚಿದಂಥ ಬೂದು ಗೆರೆ ಮೂಡಿತು.

"ಕಲಾಯಿ ಅಂದ್ರ ತವರ. ಚೊಕ್ಕ ತವರ ಹಿಂಗ ಗೆರಿ ಎಳಿಯೂದಿಲ್ಲ. ಇದರಾಗ ಸೀಸ ಕೂಡೈತಿ. ಇಪ್ಪತ್ತೆರಡು ವರ್ಷ ಸೀಸ ಮುಟ್ಟೀನ್ರಿ, ನನ್ನ ಕೈಗೆ ಗುರ್ತೈತಿ."

ಬಸವಂತ ಒಲೆ ಆರಿಸಿದ. "ನಾನ... ನನ್ನ ಕೈಯಾರೆ..." ಎಂದ. ಸುಚೇತಾ ಅವನ ಭುಜ ಹಿಡಿದುಕೊಂಡಳು. ಅವಳಿಗೆ ಎಲ್ಲವೂ ಹೊಂದಿಕೊಳ್ಳುತ್ತಿತ್ತು. ಹುಳಿ ಕುದಿದರೆ ಸೀಸ ಸಾರಿಗೆ ಬಿಡುತ್ತದೆ. ಕಲಾಯಿ ಗಾಡಿ ಬೆಟಗೇರಿಗೂ ಬರುತ್ತಿತ್ತು, ಕಂಬಾರ ಓಣಿಗೂ ಹೋಗುತ್ತಿತ್ತು. ಇದೇ, ಇದೇ ಎಂದು ಮನಸ್ಸು ಕುಣಿಯಿತು. ಆ ಕುಣಿತಕ್ಕೇ ಅವಳು ಹೆದರಿದಳು.

"ಫಕ್ಕೀರವ್ವ, ಇದೂ ತಪ್ಪಾಗಿದ್ರ?"

"ಆಗಿದ್ರ ಏನ್ ಕಾಣಬೇಕು, ಮೊದಲ ಬರೀರಿ. ಆಮ್ಯಾಲ ನೋಡೂಣು."

ಈ ಸಲ ಪ್ರಯೋಗಾಲಯದಲ್ಲಿ ಕಣ್ಣೆಣಿಕೆ ಮೇಜಿನ ಮೇಲೇ ಉಳಿಯಿತು. ಕಲಾಯಿ ಕಾರಣವಲ್ಲ ಎಂದಾದರೆ ಏನೇನು ಕಾಣಬೇಕು ಎಂಬುದನ್ನು ಸುಚೇತಾ ಮೊದಲೇ ಬರೆದು ತೋಂಟೇಶನ ಕೈಗೆ ಕೊಟ್ಟಳು. ಅವನು ನೂರ ಇಪ್ಪತ್ತು ಮನೆಗಳ ಪಾತ್ರೆಗಳಿಂದ ಕೆರೆದು ತಂದ ಪುಡಿಯನ್ನು ಶೀಸೆಗಳಲ್ಲಿ ತುಂಬಿ, ಹೆಸರು ಮತ್ತು ಓಣಿಯನ್ನು ಮುಚ್ಚಿಟ್ಟು, ಬರೀ ನಂಬರು ಅಂಟಿಸಿದ. ಯಾವುದು ರೋಗವಿದ್ದ ಮನೆ, ಯಾವುದು ಇಲ್ಲದ ಮನೆ ಎಂದು ಗೊತ್ತಿಲ್ಲದೆಯೇ ಆಕೆ ಎಲ್ಲವನ್ನೂ ಅಳೆದಳು. ಹಿತ್ತಾಳೆ ಪಾತ್ರೆಯಿದ್ದೂ ಮಕ್ಕಳು ಚೆನ್ನಾಗಿದ್ದ ಒಂಬತ್ತು ಮನೆಗಳು ಅವಳ ಅನುಮಾನವನ್ನು ಮುರಿಯಬಲ್ಲಂಥವು. ಹಾಗಾಗಿ ಅವುಗಳ ಫಲಿತಾಂಶವನ್ನು ಎಲ್ಲಕ್ಕಿಂತ ಮೊದಲು ತೆರೆಯಲು ಹೇಳಿದಳು.

ತೋಂಟೇಶ ಓದಿದ. "ಒಂಬತ್ತರಾಗೂ ಸೀಸ ಇಲ್ರಿ ಮೇಡಂ." ಆ ಮನೆಯವರು ಗಾಡಿ ಬರುವ ಮೊದಲೇ ಹಳೆಯ ಕಲಾಯಿಗಾರನ ಹತ್ತಿರ ಮಾಡಿಸಿಕೊಂಡಿದ್ದರು. ರೋಗವಿದ್ದ ಐವತ್ತೊಂದು ಮನೆಗಳ ಪೈಕಿ ಐವತ್ತರಲ್ಲಿ ಗಾಡಿಯ ಕಲಾಯಿಯೇ ಇತ್ತು. ಐವತ್ತರಲ್ಲೂ ಸೀಸವಿತ್ತು.

ಗಾಡಿಯನ್ನು ಹುಡುಕಿ ನಿಲ್ಲಿಸಿದಾಗ ಫಕ್ಕೀರವ್ವ ಅದರಲ್ಲಿದ್ದ ತವರದ ಪಟ್ಟಿಯೊಂದನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದಳು. ಚೊಕ್ಕ ತವರವಾದರೆ ಬಗ್ಗುವಾಗ ಕಿರಕಿರ ಸದ್ದು ಬರುತ್ತದೆ. ಅದು ಸದ್ದಿಲ್ಲದೆ ಬಗ್ಗಿತು. ಗಾಡಿಯ ಹುಡುಗರಿಗೂ ಅದು ಗೊತ್ತಿರಲಿಲ್ಲ. ಬೆರಕೆ ಪಟ್ಟಿ ಮಾರಿದ ಹೊರ ಊರಿನ ವ್ಯಾಪಾರಿ ಒಂದು ವಾರದಲ್ಲಿ ಸಿಕ್ಕಿಬಿದ್ದ. ಮನೆಮನೆಯಿಂದ ಪಾತ್ರೆಗಳನ್ನು ಹಿಂದಕ್ಕೆ ತರಿಸಲಾಯಿತು. ಹೊಸ ರೋಗಿಗಳು ನಿಂತರು. ಇಪ್ಪತ್ತು ದಿನಕ್ಕೆ ಇಂಪನಾ ಮನೆಗೆ ಬಂದಳು.

ಶೆಡ್ಡಿನ ಆದೇಶ ರದ್ದಾಯಿತು. ಸುಚೇತಾ ತನ್ನ ತಪ್ಪನ್ನು ಬಿಡಿಸಿ ಬರೆದು, ಊರಿನ ಪತ್ರಿಕೆಗೆ ತನ್ನ ಹೆಸರಿನಲ್ಲೇ ಕೊಟ್ಟಳು. ಆ ಪ್ರತಿಯನ್ನೂ ಶೆಡ್ಡಿನ ಕೀಲಿಯನ್ನೂ ಹಿಡಿದು ಇಂಪನಾಳ ಜೊತೆ ಕಂಬಾರ ಓಣಿಗೆ ಹೋದಳು.

"ನಿಮ್ಮ ಉಪಕಾರ ತೀರಸಾಕ ಆಗೂದಿಲ್ಲ, ಫಕ್ಕೀರವ್ವ. ನನ್ನ ಮಗಳನ್ನ ಉಳಿಸಿಕೊಟ್ರಿ."

"ಸಾಕ ಬಿಡ್ರಿ ಬಾಯಾರ. ಬಾಗಲಾ ಮುಚ್ಚಸಾಕ ಬಂದ ಸಾಹೇಬ್ರನ್ನ ಭಾಳ ಮಂದಿ ನೋಡೀನಿ. ತಪ್ಪಾತು ಅಂತ ಬಾಗಲಾ ತಟ್ಟಿದವರನ್ನ ನೋಡಿದ್ದಿಲ್ಲ." ಅವಳು ಇಂಪನಾಳ ಗಲ್ಲ ಹಿಡಿದು ನಕ್ಕಳು. "ಬಿಸಿ ರೊಟ್ಟಿ ಅದಾವ, ಉಂಡ ಹೋಗ್ರಿ."

ಊಟವಾದ ಮೇಲೆ ಸುಚೇತಾ ಹಿಂಜರಿಯುತ್ತ ಚೀಲದಿಂದ ಒಂದು ಹಾಳೆ ತೆಗೆದಳು. "ಒಂದ ಮನಿ ಉಳದೈತಿ. ಐದು ವರ್ಷದ ಹುಡುಗಿ, ರೇಣುಕಾ. ಅವರ ಮನ್ಯಾಗ ಬರೇ ಸ್ಟೀಲ್ ಪಾತ್ರಿ. ಕಲಾಯಿ ಮುಟ್ಟೇ ಇಲ್ಲ. ಮೊದಲ ಸೀಸ ಕಡಿಮಿ ಇತ್ತಂತ ಮಾತ್ರಿ ಕೊಟ್ಟಿದ್ದಿಲ್ಲ, ಈಗ ಏರೈತಿ. ಐವತ್ತು ಹೊಂದಿದುವು, ಇದೊಂದ ಹೊಂದಲಿಲ್ಲ."

"ಎಲ್ಲೇರ ನೆಂಟರ ಮನ್ಯಾಗ ಉಂಡಿರಬೇಕ ಬಿಡ್ರಿ," ಎಂದಳು ಫಕ್ಕೀರವ್ವ. ಹೇಳಿ ಮುಗಿಸುವುದರೊಳಗೆ ತನ್ನ ಮಾತು ತನಗೇ ಕೇಳಿಸಿದಂತಾಗಿ ಹಾಳೆಯತ್ತ ಕೈ ಚಾಚಿದಳು. "ಯಾರ ಮಗಳು?"

"ಹನಮಪ್ಪ ಅಂತ. ನಿಮ್ಮ ಶೆಡ್ಡಿನ್ಯಾಗ ಕೆಲಸ ಮಾಡಾವ."

ಕೀಲಿ ಫಕ್ಕೀರವ್ವನ ಮಡಿಲಲ್ಲೇ ಇತ್ತು. ಆ ಹಾಳೆಯನ್ನು ಅಲ್ಲಿಗೇ ಬಿಡು ಎಂದಿದ್ದರೆ ಸುಚೇತಾ ಬಹುಶಃ ಬಿಡುತ್ತಿದ್ದಳು. ಅಷ್ಟು ಋಣ ಅವಳ ಮೇಲಿತ್ತು. ಫಕ್ಕೀರವ್ವ ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ. ಹೋಗಿ ನೋಡೂಣು."

ಹನಮಪ್ಪನ ಮನೆ ಎರಡು ಓಣಿ ಆಚೆ. ಫಕ್ಕೀರವ್ವ ಸುತ್ತುಬಳಸದೆ ಕೇಳಿದಳು: "ಹನಮಪ್ಪಾ, ಖರೇ ಹೇಳು. ಕೆಲಸದ ಅರಿವಿ ಶೆಡ್ಡಿನ್ಯಾಗ ಬಿಚ್ಚಿ, ಮೈ ತೊಳಕೊಂಡ ಮನಿಗೆ ಬರತಿದ್ದೆ ಹೌದಲ್ಲೊ?"

ಅವನು ತಲೆ ತಗ್ಗಿಸಿದ. ಚಳಿಗಾಲ ಮುಗಿದಾಗಿನಿಂದ ಬಚ್ಚಲಿಗೆ ನೀರು ಸಾಲುತ್ತಿರಲಿಲ್ಲ, ಹೇಳಿದರೆ ನೀವು ಬೈತೀರಿ ಅಂತ ಅವೇ ಅರಿವೆಯಲ್ಲಿ ಮನೆಗೆ ಬರುತ್ತಿದ್ದೆ, ಬಂದ ಕೂಡಲೇ ಮಗಳು ಹೆಗಲೇರುತ್ತಿದ್ದಳು ಎಂದ. ಮಗು ಆಡುವ ಮೂಲೆಯಲ್ಲಿ ಆ ಅರಿವೆಗಳ ಗಂಟು ಇನ್ನೂ ಇತ್ತು. ಸುಚೇತಾ ಕೈಚೀಲದಿಂದ ಅಳತೆಯ ಯಂತ್ರ ತೆಗೆದು ಗಂಟಿನ ಮೇಲೆ ಹಿಡಿದಳು. ಅಂಕಿ ಸರಸರನೆ ಏರಿತು.

ಫಕ್ಕೀರವ್ವ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು.

"ನಿಮಗೆಲ್ಲಾ ಕೇಳಿದೆ, ನನಗ ನಾ ಒಮ್ಮೆನೂ ಕೇಳಕೊಳ್ಳಲಿಲ್ಲ ನೋಡ್ರಿ," ಎಂದಳು. "ನನ್ನ ಮಕ್ಕಳು ಚೊಲೋ ಅದಾವ ಅಂದ ಕೂಡಲೇ ಶೆಡ್ಡ ಚೊಲೋ ಐತಿ ಅಂದಕೊಂಡೆ. ಈಗ ಮತ್ತ ಬೀಗ ಹಾಕತೀರೇನು?"

"ಬ್ಯಾಡ. ಬಚ್ಚಲಕ್ಕ ಬ್ಯಾರೆ ನಳ ಹಾಕಸೂಣು. ನೀರು ಬರೂತನಕ ಒಂದ ವಾರ ಶೆಡ್ಡ ತೆಗೀಬ್ಯಾಡ್ರಿ, ಅಷ್ಟ. ರೇಣುಕಾನ್ನ ಇವತ್ತ ಆಸ್ಪತ್ರಿಗೆ ಕರಕೊಂಡ ಹೋಗೂಣು. ಅಕಿಗೂ ಅವ ಮಾತ್ರಿ."

ಫಕ್ಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಐವತ್ತು ಹೊಂದಿದುವು ಅಂತ ನೀವು ಇದೊಂದ ಬಿಟ್ಟಬಿಟ್ಟಿದ್ರ ಈ ಕೂಸು ಹಂಗ ಉಳೀತಿತ್ತು. ಉಪಕಾರ ಆತ್ರಿ ಬಾಯಾರ."

ಒಳಗೆ ಹನಮಪ್ಪನ ಹೆಂಡತಿ ಮಗಳಿಗೆ ಬೇರೆ ಅಂಗಿ ತೊಡಿಸುತ್ತಿದ್ದಳು. ಇಂಪನಾ ಆಸ್ಪತ್ರೆಯಲ್ಲಿ ಯಾವ ಮಾತ್ರೆ ಕಹಿ, ಯಾವುದು ಕಹಿಯಲ್ಲ ಎಂದು ರೇಣುಕಾಳಿಗೆ ದೊಡ್ಡವಳ ಹಾಗೆ ವಿವರಿಸುತ್ತಿದ್ದಳು. ಸುಚೇತಾ ಫೋನು ತೆಗೆದು, ಇನ್ನೊಂದು ಮಗುವಿಗೆ ಹಾಸಿಗೆ ಬೇಕೆಂದು ಆಸ್ಪತ್ರೆಗೆ ಹೇಳಿದಳು. ಆಮೇಲೆ ಕಟ್ಟೆಯ ಮೇಲೆ ಫಕ್ಕೀರವ್ವನ ಪಕ್ಕ ಕೂತು, ಆಟೊ ಬರುವವರೆಗೂ ಅವಳ ಕೈ ಹಿಡಿದುಕೊಂಡೇ ಇದ್ದಳು.